ಅಂಗಳದಲ್ಲಿ ಬಿಚ್ಚಿದ ಟೈರು

ಮೋಟಾರ್ ಸೈಕಲ್ಲಿನ ಟೈರನ್ನು ಮನೆಯಂಗಳದಲ್ಲಿ ಮೊದಲ ಸಲ ಕಳಚಲು ಕೂತವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಬಲ ಹಾಕುವುದು. ಟೈರು ರಬ್ಬರಿನದು, ಎಳೆದರೆ ಹಿಗ್ಗೀತು ಎಂಬ ನಂಬಿಕೆಯಿಂದ ಉದ್ದನೆಯ ಸ್ಪ್ಯಾನರನ್ನೋ ಸ್ಕ್ರೂ ಡ್ರೈವರನ್ನೋ ಅಂಚಿನೊಳಗೆ ತೂರಿಸಿ ಮೀಟುತ್ತಾರೆ. ಟೈರು ಜಗ್ಗುವುದಿಲ್ಲ. ಇನ್ನಷ್ಟು ಬಲ ಬೀಳುತ್ತದೆ. ಅಂಗೈ ತರಚುತ್ತದೆ, ರಿಮ್ಮಿನ ಹೊಳಪು ಹೋಗುತ್ತದೆ, ಒಳಗಿನ ಟ್ಯೂಬು ಹರಿಯುತ್ತದೆ. ಟೈರು ಮಾತ್ರ ಇದ್ದಲ್ಲೇ ಇರುತ್ತದೆ.

ಅದೇ ಚಕ್ರವನ್ನು ಚಾಮರಾಜಪೇಟೆಯದೋ ಮಲ್ಲೇಶ್ವರದ್ದೋ ಯಾವುದಾದರೂ ಅಡ್ಡರಸ್ತೆಯ ಪಂಕ್ಚರ್ ಅಂಗಡಿಗೆ ಉರುಳಿಸಿಕೊಂಡು ಹೋಗಿ. ಅಂಗಡಿಯಾತ ಚಕ್ರವನ್ನು ನೆಲಕ್ಕೆ ಒರಗಿಸಿ, ಎರಡು ಸಲ ಹಿಮ್ಮಡಿಯಿಂದ ತುಳಿದು, ಎರಡು ಚಪ್ಪಟೆ ಲಿವರ್‌ಗಳಿಂದ ಟೈರಿನ ಒಂದು ಅಂಚನ್ನು ನಿಮಿಷದೊಳಗೆ ಹೊರಗೆ ತರುತ್ತಾನೆ. ಅವನ ತೋಳು ನಮ್ಮದಕ್ಕಿಂತ ದಪ್ಪವೇನೂ ಇರುವುದಿಲ್ಲ. ಹಾಗಾದರೆ ಅವನಿಗೆ ಗೊತ್ತಿರುವುದೇನು?

ಉತ್ತರ ರಿಮ್ಮಿನ ನಡುವೆ ಇದೆ. ಟೈರಿನ ಎರಡೂ ಅಂಚುಗಳೊಳಗೆ ಉಕ್ಕಿನ ತಂತಿಯ ಬಳೆಗಳಿರುತ್ತವೆ. ರಬ್ಬರು ಹಿಗ್ಗಬಹುದು, ಈ ತಂತಿ ಹಿಗ್ಗುವುದಿಲ್ಲ. ರಿಮ್ಮಿನ ತುಟಿ ಈ ತಂತಿಬಳೆಗಿಂತ ಸುತ್ತಲೂ ಸುಮಾರು ಅರ್ಧ ಅಂಗುಲ ಎತ್ತರವಾಗಿರುತ್ತದೆ. ಹೀಗಾಗಿ ನೇರವಾಗಿ ಎಳೆದರೆ ಅದು ಹೊರಬರುವುದು ಅಸಾಧ್ಯ. ಆದರೆ ರಿಮ್ಮಿನ ನಟ್ಟನಡುವೆ ಸುತ್ತಲೂ ಒಂದು ತಗ್ಗು ಇದೆ. ನಾವು ಮೀಟುವ ಜಾಗಕ್ಕೆ ಎದುರು ಬದಿಯ ಅಂಚನ್ನು ಆ ತಗ್ಗಿನೊಳಗೆ ಇಳಿಸಿದರೆ, ಅಲ್ಲಿ ಇಳಿದಷ್ಟು ಸಡಿಲ ಇಲ್ಲಿ ಸಿಗುತ್ತದೆ. ಬಳೆಗಾರ್ತಿ ಗಾಜಿನ ಬಳೆ ತೊಡಿಸುವುದನ್ನು ಕಂಡವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಬಳೆ ಹಿಗ್ಗುವುದಿಲ್ಲವೆಂದು ಬಲ್ಲ ಆಕೆ ಕೈಯನ್ನೇ ಮಡಿಸಿ ಕಿರಿದು ಮಾಡುತ್ತಾಳೆ. ಚಕ್ರಕ್ಕೂ ಅಂಥದೊಂದು ಮಡಿಕೆ ಬೇಕೆಂದು ಯಾರೋ ಒಬ್ಬರಿಗೆ ತೋಚಿದ್ದರಿಂದಲೇ ಟೈರು ಮನೆಯಲ್ಲಿ ಬಿಚ್ಚಬಹುದಾದ ವಸ್ತುವಾಯಿತು. ಗಾಳಿ ತುಂಬಿದ ಟೈರಿನ ಶೋಧದಷ್ಟೇ, ಬಹುಶಃ ಅದಕ್ಕಿಂತಲೂ ಹೆಚ್ಚು ಮಹತ್ವದ್ದು ಈ ಬಿಚ್ಚುವ ಉಪಾಯ. ಅದರ ಕಥೆ ಬೆಂಗಳೂರಿನ ಹಳೆಯ ಬಡಾವಣೆಗಳ ಕಥೆಯೊಂದಿಗೂ ಅಲ್ಲಲ್ಲಿ ಹೆಣೆದುಕೊಂಡಿದೆ.

ಕಮ್ಮಾರನ ಬೆಂಕಿ

ರಬ್ಬರು ಬರುವ ಮೊದಲೂ ಚಕ್ರಕ್ಕೆ ಹೊದಿಕೆ ಇತ್ತು. ಇಂಗ್ಲಿಷಿನ ‘ಟೈರ್’ ಎಂಬ ಮಾತು ಉಡುಪು ಎಂಬರ್ಥದ ‘ಅಟೈರ್’ ಎಂಬುದರಿಂದ ಬಂತೆಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ಎತ್ತಿನ ಗಾಡಿಗೂ ಜಟಕಾ ಗಾಡಿಗೂ ಕಬ್ಬಿಣದ ಪಟ್ಟಿಯೇ ಉಡುಪು. ಆ ಪಟ್ಟಿಯನ್ನು ಮರದ ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ಬೆಸೆಯುತ್ತಿದ್ದರು. ಬೆರಣಿ, ಸೌದೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತಿತ್ತು. ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ತೊಡಿಸಿ, ಕೂಡಲೇ ನೀರೆರೆದರೆ ಕುಗ್ಗಿ ಮರವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು. ಇದಕ್ಕೆ ಕುಲುಮೆ ಬೇಕು, ಕಮ್ಮಾರ ಬೇಕು, ಹಿಡಿಯಲು ಮೂರು ನಾಲ್ಕು ಜನ ಬೇಕು. ಗಾಡಿಯ ಯಜಮಾನ ತಾನೇ ಪಟ್ಟಿ ಬದಲಿಸುವ ಮಾತೇ ಇರಲಿಲ್ಲ.

ಬೆಂಗಳೂರಿನ ಪೇಟೆ ಪ್ರದೇಶ ಬಹುಕಾಲ ಇಂಥ ಗಾಡಿಗಳ ಊರಾಗಿತ್ತು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ಇಕ್ಕಟ್ಟಿನಲ್ಲಿ ಮನೆ, ಅಂಗಡಿ, ಕೆಲಸ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದವು. 1892ರಲ್ಲಿ ಚಾಮರಾಜಪೇಟೆ ಯೋಜಿತ ಬಡಾವಣೆಯಾಗಿ ರೂಪುಗೊಂಡಿತು. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಊರಿಗೆ ಕಾಲಿಟ್ಟಿತು. ಇಕ್ಕಟ್ಟು ಬೀದಿಗಳಲ್ಲಿ ಬದುಕುವುದೇ ಅಪಾಯವೆನಿಸಿದಾಗ ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ ಎದ್ದವು. ನೇರ ರಸ್ತೆಗಳು, ಅಡ್ಡರಸ್ತೆಗಳು, ಮನೆಯ ಹಿಂದೆ ಕಸ ಸಾಗಿಸುವವರಿಗೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ, ಮನೆಯ ಮುಂದೆ ಒಂದಿಷ್ಟು ಅಂಗಳ. ಗಾಳಿ ಬೆಳಕಿಗಾಗಿ ಬಿಟ್ಟ ಈ ಜಾಗ ಮುಂದೆ ಸೈಕಲ್ಲು, ಸ್ಕೂಟರು, ಮೋಟಾರ್ ಸೈಕಲ್ಲುಗಳ ಆಸ್ಪತ್ರೆಯಾಯಿತು.

ಹೊಸ ಬಡಾವಣೆಗಳು ಆರೋಗ್ಯದ ಜೊತೆಗೆ ದೂರವನ್ನೂ ತಂದವು. ಮಲ್ಲೇಶ್ವರದಲ್ಲಿ ಮನೆ, ಪೇಟೆಯಲ್ಲಿ ವ್ಯಾಪಾರ. ಬಸವನಗುಡಿಯಲ್ಲಿ ಮನೆ, ಅಠಾರಾ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ನಡೆದು ಹೋಗಲು ದೂರ, ದಿನವೂ ಜಟಕಾಕ್ಕೆ ಕೊಡಲು ದುಬಾರಿ. ಈ ನಡುವಿನ ದೂರಕ್ಕೆ ಹೇಳಿ ಮಾಡಿಸಿದ್ದು ಸೈಕಲ್ಲು. ಅದರ ಬೆನ್ನಿಗೇ ಪಂಕ್ಚರು ಬಂತು.

ಮೂರು ಗಂಟೆಯ ರಿಪೇರಿ

ಗಾಳಿಯ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗಿನ್ನೂ ಸೈಕಲ್ಲು ಬಳಕೆಗೆ ಬಂದಿರಲಿಲ್ಲ, ರಬ್ಬರು ದುಬಾರಿ. ಕುದುರೆಗಾಡಿಗಳಿಗೆಂದು ಮಾಡಿದ ಆ ಟೈರನ್ನು ಜನ ಮರೆತರು. ನಾಲ್ಕು ದಶಕಗಳ ಮೇಲೆ, ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ರಸ್ತೆಯಲ್ಲಿ ಕುಲುಕದಿರಲೆಂದು ಗಾಳಿ ತುಂಬಿದ ರಬ್ಬರ್ ಕೊಳವೆಯನ್ನು ಚಕ್ರಕ್ಕೆ ಸುತ್ತಿದ. 1888ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ ವಿಲಿ ಹ್ಯೂಮ್ ಎಂಬ ಸವಾರ ಈ ಟೈರು ಹಾಕಿಕೊಂಡು ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದಾಗ ಗಾಳಿಯ ಟೈರನ್ನು ಹಾಸ್ಯ ಮಾಡುತ್ತಿದ್ದವರು ಸುಮ್ಮನಾದರು. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್‌ನ ಹಕ್ಕು ಬಿದ್ದುಹೋಯಿತು. ಆದರೂ ಹೆಸರು ಉಳಿದದ್ದು ಡನ್‌ಲಪ್‌ನದೇ.

ಆ ಟೈರಿಗೆ ಒಂದು ದೊಡ್ಡ ಕೊರತೆ ಇತ್ತು. ಅದನ್ನು ಕ್ಯಾನ್‌ವಾಸ್ ಸುತ್ತಿ ರಿಮ್ಮಿಗೆ ಅಂಟಿಸುತ್ತಿದ್ದರು. ಪಂಕ್ಚರಾದರೆ ಅಂಟು ಬಿಡಿಸಿ, ಬಟ್ಟೆ ಬಿಚ್ಚಿ, ತೂತು ಮುಚ್ಚಿ, ಮತ್ತೆ ಅಂಟಿಸಿ ಒಣಗಲು ಬಿಡಬೇಕು. ಫ್ರಾನ್ಸಿನ ಕ್ಲೆರ್ಮಾಂ ಫೆರಾಂ ಊರಿನಲ್ಲಿ ರಬ್ಬರ್ ಕಾರ್ಖಾನೆ ನಡೆಸುತ್ತಿದ್ದ ಮಿಷೆಲಿನ್ ಸೋದರರ ಬಳಿಗೆ ಒಬ್ಬ ಸವಾರ ಇಂಥ ಸೈಕಲ್ಲನ್ನು ರಿಪೇರಿಗೆ ತಂದನಂತೆ. ಬಿಚ್ಚಿ ಸರಿಮಾಡಲು ಮೂರು ಗಂಟೆ, ಅಂಟು ಒಣಗಲು ಇಡೀ ರಾತ್ರಿ. ಬೆಳಗ್ಗೆ ಎದ್ವಾರ್ ಮಿಷೆಲಿನ್ ಅದನ್ನು ಓಡಿಸಿ ನೋಡಿದಾಗ ಸ್ವಲ್ಪ ದೂರದಲ್ಲೇ ಗಾಳಿ ಇಳಿಯಿತು. ಆದರೆ ಆ ಸ್ವಲ್ಪ ದೂರದ ಸುಖ ಅವನಿಗೆ ಸಾಕಾಯಿತು. ಇದನ್ನು ಯಾರು ಬೇಕಾದರೂ ಕಾಲು ಗಂಟೆಯಲ್ಲಿ ಬಿಚ್ಚುವಂತಿರಬೇಕು ಎಂದು ಪಟ್ಟು ಹಿಡಿದ.

1891ರಲ್ಲಿ ಮಿಷೆಲಿನ್ನರ ಬಿಚ್ಚುವ ಟೈರು ಹೊರಬಂತು. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸುಮಾರು 1200 ಕಿ.ಮೀ. ಪಂದ್ಯವನ್ನು ಶಾರ್ಲ್ ತೆರ್ರೋಂ ಆ ಟೈರು ತೊಡಿಸಿದ ಸೈಕಲ್ಲಿನಲ್ಲಿ ಗೆದ್ದ. ಮರುವರ್ಷ ಮಿಷೆಲಿನ್ನರೇ ಒಂದು ಪಂದ್ಯ ಏರ್ಪಡಿಸಿ, ತಮ್ಮ ಟೈರು ಎಷ್ಟು ಬೇಗ ರಿಪೇರಿಯಾಗುತ್ತದೆಂದು ತೋರಿಸಲು ದಾರಿಯಲ್ಲಿ ಮೊಳೆ ಚೆಲ್ಲಿಸಿದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಿದ್ದ ಮೊಳೆಗಳನ್ನು ಐ.ಟಿ. ಉದ್ಯೋಗಿಯೊಬ್ಬರು ಆಯಸ್ಕಾಂತ ಹಿಡಿದು ಕಿಲೋಗಟ್ಟಲೆ ಆಯ್ದ ಸುದ್ದಿ ಓದಿದವರಿಗೆ, ರಸ್ತೆಗೆ ಮೊಳೆ ಹಾಕುವ ವಿದ್ಯೆ ಟೈರಿನಷ್ಟೇ ಹಳೆಯದೆಂದು ತಿಳಿದರೆ ಅಚ್ಚರಿಯಾದೀತು.

ಆದರೆ ಇಂದು ನಮ್ಮ ಬೈಕುಗಳಲ್ಲಿ ಉಳಿದಿರುವುದು ಮಿಷೆಲಿನ್ನರ ಉಪಾಯವಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್ಸ್‌ಟನ್ ವೆಲ್ಚ್ 1890ರಲ್ಲೇ ಅಂಚಿಗೆ ತಂತಿ ಹಾಕಿದ ಟೈರು ಮತ್ತು ನಡುವೆ ತಗ್ಗಿರುವ ರಿಮ್ಮಿಗೆ ಪೇಟೆಂಟ್ ಪಡೆದಿದ್ದ. ಡನ್‌ಲಪ್ ಕಂಪನಿ ಆ ಹಕ್ಕನ್ನು ಕೊಂಡುಕೊಂಡಿತು. ಗಾಳಿ ತುಂಬಿದಾಗ ತಂತಿ ರಿಮ್ಮಿನ ಅಂಚಿಗೆ ಒತ್ತಿ ಕೂರುತ್ತದೆ. ಗಾಳಿ ಬಿಟ್ಟಾಗ ತಗ್ಗಿಗೆ ಇಳಿಯುತ್ತದೆ. ಬೀಗ ಮತ್ತು ಬೀಗದ ಕೈ ಎರಡೂ ಒಂದೇ ರಿಮ್ಮಿನಲ್ಲಿ. 1920ರ ದಶಕ ಮುಗಿಯುವ ಹೊತ್ತಿಗೆ ಮೋಟಾರ್ ಸೈಕಲ್ಲುಗಳೂ ಈ ಪದ್ಧತಿಗೆ ಬಂದವು.

ರಬ್ಬರಿನ ದಾರಿ

ಟೈರಿನ ಮಾತು ಬಂದಾಗ ರಬ್ಬರಿನ ಕಹಿ ನೆನಪನ್ನು ಮುಚ್ಚಿಡುವಂತಿಲ್ಲ. ಸೈಕಲ್ಲಿನ ಹುಚ್ಚು ಯೂರೋಪಿನಲ್ಲಿ ಏರಿದ ವರ್ಷಗಳಲ್ಲೇ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡನ ಹಿಡಿತದಲ್ಲಿದ್ದ ಕಾಂಗೋದಲ್ಲಿ ಕಾಡುರಬ್ಬರು ತಂದುಕೊಡದ ಹಳ್ಳಿಗರ ಮೇಲೆ ಘೋರ ಹಿಂಸೆ ನಡೆಯಿತು. ರೋಜರ್ ಕೇಸ್‌ಮೆಂಟ್ 1904ರ ವರದಿಯಲ್ಲಿ ಅದನ್ನು ಲೋಕದ ಮುಂದಿಟ್ಟ. ಇನ್ನೊಂದೆಡೆ, 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಸಾಗಿಸಿದ ಸುಮಾರು 70,000 ಬೀಜಗಳು ಲಂಡನ್ನಿನ ಕ್ಯೂ ತೋಟ ತಲುಪಿದವು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಬಂದವು. 1902ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ ರಬ್ಬರು ಬೆಳೆ ಶುರುವಾಯಿತು. ಕರ್ನಾಟಕದ ಸುಳ್ಯ, ಪುತ್ತೂರು ಸೀಮೆಯಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು.

ನಮ್ಮ ದೇಶದಲ್ಲಿ ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಟೈರು ಕಾರ್ಖಾನೆ ತೆರೆಯಿತು. 1942ರಲ್ಲಿ ಜಪಾನ್ ಮಲಯವನ್ನು ವಶಪಡಿಸಿಕೊಂಡಾಗ ರಬ್ಬರಿಗೆ ಬರ ಬಂದು ಟೈರು ಪಡಿತರದ ವಸ್ತುವಾಯಿತು. ಸವೆದ ಟೈರಿನೊಳಗೆ ಇನ್ನೊಂದು ಹಳೆಯ ಟೈರಿನ ತುಂಡಿಟ್ಟು ಓಡಿಸುವ, ಪ್ಯಾಚಿನ ಮೇಲೆ ಪ್ಯಾಚು ಹಾಕುವ ನಮ್ಮ ಮಿತವ್ಯಯದ ವಿದ್ಯೆಗೆ ಇಂಥ ಅಭಾವದ ವರ್ಷಗಳೇ ಪಾಠಶಾಲೆ. ಪೂರಾ ಸವೆದ ಟೈರು ಚಪ್ಪಲಿಯ ಅಟ್ಟೆಯಾಯಿತು; ಸೈಕಲ್ ಟೈರು ಮಕ್ಕಳ ಕೈಯಲ್ಲಿ ಕೋಲಿನಿಂದ ಹೊಡೆದು ಓಡಿಸುವ ಬಂಡಿಯಾಯಿತು.

ಬಾಡಿಗೆ ಸೈಕಲ್ಲಿನಿಂದ ಜಾವಾವರೆಗೆ

ಬೆಂಗಳೂರಿನಲ್ಲಿ ಟೈರು ಬಿಚ್ಚುವ ವಿದ್ಯೆ ಮೊದಲು ನೆಲೆಸಿದ್ದು ಸೈಕಲ್ ಶಾಪ್‌ಗಳಲ್ಲಿ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲುಗಳ ಸಾಲು, ಗೋಡೆಗೆ ನೇತುಹಾಕಿದ ಟ್ಯೂಬುಗಳು, ನೀರು ತುಂಬಿದ ಹಳೇ ಬಾಣಲೆ, ಉಜ್ಜುವ ಅರ, ಸೊಲ್ಯೂಷನ್ ಡಬ್ಬಿ, ನಿಂತು ಒತ್ತುವ ಪಂಪು. ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟು, “ಎರಡು ಕಡೆ ಹೋಗಿದೆ ಸಾರ್” ಎಂದು ಹೇಳುವ ಹುಡುಗನ ಮಾತಿಗೆ ಮೇಲ್ಮನವಿ ಇರಲಿಲ್ಲ. ಸೈಕಲ್ಲಿನ ಮಟ್ಟಿಗೆ ಮನೆಯವರೂ ಈ ವಿದ್ಯೆ ಕಲಿತರು. ವಠಾರದ ನಲ್ಲಿಯ ಬಳಿ ಬಕೆಟ್ಟಿಟ್ಟುಕೊಂಡು ಭಾನುವಾರ ಟ್ಯೂಬು ತೇಪೆ ಹಾಕುವುದು ಸಾಮಾನ್ಯ ದೃಶ್ಯವಾಗಿತ್ತು.

ಸ್ಕೂಟರು ಬಂದಾಗ ಕೆಲಸ ಇನ್ನೂ ಹಗುರಾಯಿತು. ಲಾಂಬ್ರೆಟಾ, ಬಜಾಜ್ ಸ್ಕೂಟರುಗಳ ಪುಟ್ಟ ಚಕ್ರದ ರಿಮ್ಮು ಎರಡು ಹೋಳು. ನಟ್ಟು ಬಿಚ್ಚಿದರೆ ರಿಮ್ಮೇ ಬೇರೆಯಾಗಿ ಟೈರು ಕೈಗೆ ಬರುತ್ತದೆ. ಮೀಟುವ ಗೋಜಿಲ್ಲ. ಗಾಳಿ ಬಿಡುವ ಮೊದಲೇ ಹೋಳುಗಳ ನಟ್ಟು ಬಿಚ್ಚಿದರೆ ಮಾತ್ರ ಅವು ಸಿಡಿದು ಅಪಾಯವಾದೀತು. ಮೇಲಾಗಿ ಸ್ಕೂಟರಿಗೆ ಸ್ಟೆಪ್ನಿ ಇತ್ತು. ಈ ಸ್ಟೆಪ್ನಿ ಎಂಬ ಮಾತು ವೇಲ್ಸ್ ಪ್ರಾಂತ್ಯದ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯದು. ಅಲ್ಲಿನ ಡೇವಿಸ್ ಸೋದರರು 1904ರ ಸುಮಾರಿಗೆ ಮೋಟಾರು ಗಾಡಿಗಳಿಗೆ ಬದಲಿ ಚಕ್ರ ಮಾಡಿ ಮಾರಿದರು. ಇಂಗ್ಲೆಂಡಿನಲ್ಲಿ ಮರೆತುಹೋದ ಆ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಬದುಕಿದೆ.

ಮೋಟಾರ್ ಸೈಕಲ್ಲಿಗೆ ಸ್ಟೆಪ್ನಿಯೂ ಇಲ್ಲ, ಎರಡು ಹೋಳಿನ ರಿಮ್ಮೂ ಇಲ್ಲ. ಸೈಕಲ್ಲಿನ ಟೈರಿಗಿಂತ ದಪ್ಪ, ಗಡಸು. ಹಿಂದಿನ ಚಕ್ರಕ್ಕೆ ಚೈನು, ಬ್ರೇಕು ಬೇರೆ. ಆದ್ದರಿಂದ ಮನೆಯಲ್ಲಿ ಬಿಚ್ಚುವ ಧೈರ್ಯ ಎಲ್ಲರಿಗೂ ಬರಲಿಲ್ಲ. ಆ ಧೈರ್ಯವನ್ನು ಬೆಂಗಳೂರಿಗರಿಗೆ ಕೊಟ್ಟ ಬೈಕುಗಳಲ್ಲಿ ಒಂದು ನಮ್ಮದೇ ರಾಜ್ಯದ್ದು. ಮುಂಬಯಿಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಆಮದು ಮಾಡುತ್ತಿದ್ದ ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಿಕೆ ಆರಂಭಿಸಿತು. ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹ ಅದಕ್ಕಿತ್ತು. 1973ರಿಂದ ಅದರ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾದ ಹಿಂಚಕ್ರವನ್ನು ಅಚ್ಚು ಎಳೆದು ಹೊರತೆಗೆದರೆ, ತಗಡಿನ ಮುಚ್ಚಳದೊಳಗಿನ ಚೈನು ಮತ್ತು ಹಲ್ಲುಚಕ್ರ ತಮ್ಮ ಜಾಗದಲ್ಲೇ ಉಳಿಯುತ್ತಿದ್ದವು. ಕೈಗೆ ಮಸಿ ಹತ್ತದೆ ಚಕ್ರ ಹೊರಬರುವ ಈ ಏರ್ಪಾಟು, ಸವಾರ ದಾರಿಯಲ್ಲಿ ತಾನೇ ಕೆಲಸ ಮಾಡಿಕೊಳ್ಳಬೇಕಾದೀತು ಎಂದು ಯೋಚಿಸಿದವರ ಕೊಡುಗೆ. ಅಂದಿನ ಹಲವು ಬೈಕುಗಳ ಟೂಲ್ ಕಿಟ್ಟಿನಲ್ಲಿ ಟೈರ್ ಲಿವರೂ ಇರುತ್ತಿತ್ತು.

ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆ ಇದ್ದೇ ಇತ್ತು. ಪುರಭವನದಿಂದ ಹಬ್ಬಿದ ಆ ರಸ್ತೆಯೂ ಪಕ್ಕದ ಕಲಾಸಿಪಾಳ್ಯವೂ ಚಾಮರಾಜಪೇಟೆ, ಬಸವನಗುಡಿಯವರಿಗೆ ಕೂಗಳತೆ. ಟೈರು, ಟ್ಯೂಬು, ಕಡ್ಡಿ, ಬೇರಿಂಗು ಎಲ್ಲವೂ ಅಲ್ಲಿ. ಹಳೆಯ ಒಳ್ಳೆಯ ಲಿವರು, ಸ್ಪ್ಯಾನರು ಬೇಕಿದ್ದವರು ಪೇಟೆಯ ಸಂಡೇ ಬಜಾರಿಗೆ ಹೋಗಿ ಆಯ್ದುಕೊಳ್ಳುತ್ತಿದ್ದರು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಬೆಂಗಳೂರಿನಲ್ಲಿ ಸೇರುವ ಹಳೆಯ ಬೈಕುಗಳ ಹಿಂಡನ್ನು ನೋಡಿದರೆ, ಈ ವಿದ್ಯೆ ಇನ್ನೂ ಕೆಲವು ಅಂಗಳಗಳಲ್ಲಿ ಜೀವಂತವಾಗಿರುವುದು ತಿಳಿಯುತ್ತದೆ.

ಅಂಗಳದ ಕೆಲಸ

ಕಡ್ಡಿಚಕ್ರದ, ಟ್ಯೂಬು ಇರುವ ಬೈಕು ಮನೆಯಲ್ಲಿದ್ದು ಮೊದಲ ಸಲ ಕೈಹಾಕುವವರು ಈ ಕೆಲಸದ ಕ್ರಮವನ್ನು ಒಮ್ಮೆ ಮನಸ್ಸಿನಲ್ಲಿ ನಡೆಸಿ ನೋಡುವುದು ಒಳ್ಳೆಯದು.

ಸಮತಟ್ಟಾದ ಗಟ್ಟಿ ನೆಲದಲ್ಲಿ ಬೈಕನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಸೈಲೆನ್ಸರ್ ತಣ್ಣಗಾಗಿರಬೇಕು. ಬ್ರೇಕಿನ ಕಡ್ಡಿ, ಬ್ರೇಕ್ ತಟ್ಟೆಯನ್ನು ಹಿಡಿದ ಪಟ್ಟಿಯ ಬೋಲ್ಟು, ಅಚ್ಚಿನ ನಟ್ಟು, ಇವನ್ನು ಬಿಚ್ಚುವಾಗ ವಾಷರು, ಬುಶ್ಶುಗಳನ್ನು ಬಂದ ಸರದಿಯಲ್ಲೇ ಒಂದು ಹಳೆ ಪತ್ರಿಕೆಯ ಮೇಲೆ ಸಾಲಾಗಿ ಇಡಬೇಕು. ಮರಳಿ ಜೋಡಿಸುವಾಗ ಆ ಸಾಲೇ ಮಾರ್ಗದರ್ಶಿ.

ಚಕ್ರ ಹೊರಬಂದ ಮೇಲೆ ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರಾ ಬಿಡಬೇಕು. ಸೈಕಲ್ಲಿನ ‘ವಾಲ್ ಟ್ಯೂಬ್’ ಎಂಬ ರಬ್ಬರ್ ಕೊಳವೆಗಿಂತ ಇದು ಬೇರೆ. ಬುಗ್ಗೆಯಿಂದ ಮುಚ್ಚಿಕೊಳ್ಳುವ ಈ ಪಿನ್ನಿನ ವಾಲ್ವು ಅಮೆರಿಕದ ಶ್ರೇಡರ್ ಕಂಪನಿಯ 1890ರ ದಶಕದ ಕೊಡುಗೆ. ನಂತರ ಟೈರಿನ ಪಕ್ಕೆಯನ್ನು ಹಿಮ್ಮಡಿಯಿಂದ ತುಳಿದು ಎರಡೂ ಕಡೆಯ ಅಂಚನ್ನು ರಿಮ್ಮಿನಿಂದ ಬಿಡಿಸಬೇಕು. ಈಗ ವಾಲ್ವಿಗೆ ಎದುರು ಬದಿಯಲ್ಲಿ ಮಂಡಿಯೂರಿ ಅಂಚನ್ನು ತಗ್ಗಿನೊಳಗೆ ಒತ್ತಿ ಹಿಡಿದು, ವಾಲ್ವಿನ ಬದಿಯಿಂದ ಮೀಟಲು ತೊಡಗಬೇಕು. ವಾಲ್ವಿನ ಬಳಿ ತಗ್ಗಿನಲ್ಲಿ ಟ್ಯೂಬಿನ ಬುಡವೇ ಕೂತಿರುವುದರಿಂದ ಅಂಚು ಅಲ್ಲಿ ಇಳಿಯುವುದಿಲ್ಲ. ಇಳಿಸುವುದು ಎದುರು ಬದಿಯಲ್ಲೇ. ಒಂದೊಂದು ಸಲಕ್ಕೆ ಎರಡು ಮೂರು ಅಂಗುಲ ಸಾಕು. ಲಿವರನ್ನು ಹೆಚ್ಚು ಒಳಕ್ಕೆ ತೂರಿಸಿದರೆ ಟ್ಯೂಬು ಚಿವುಟಿಕೊಳ್ಳುತ್ತದೆ. ಎಲ್ಲಿಯಾದರೂ ಅತಿಯಾದ ಬಲ ಬೇಕೆನಿಸಿದರೆ ಎದುರು ಬದಿ ತಗ್ಗಿನಿಂದ ಮೇಲೆದ್ದಿದೆ ಎಂದೇ ಅರ್ಥ.

ಟ್ಯೂಬು ಹೊರಗೆಳೆದ ಮೇಲೆ ಕೆಲವರು ಅವಸರದಲ್ಲಿ ಹೊಸದನ್ನು ಹಾಕಿಬಿಡುತ್ತಾರೆ. ಹಳೆಯ ಟೈರನ್ನೇ ಉಳಿಸಿಕೊಳ್ಳುವುದಾದರೆ ಅದರ ಒಳಮೈಯನ್ನು ಬಟ್ಟೆ ಹಿಡಿದ ಕೈಯಿಂದ ನಿಧಾನವಾಗಿ ತಡವಿ ನೋಡಬೇಕು. ಮುಳ್ಳೋ ಮೊಳೆಯ ತುದಿಯೋ ಉಳಿದಿದ್ದರೆ ಹೊಸ ಟ್ಯೂಬು ಬೀದಿಯ ಕೊನೆಯವರೆಗೂ ಬಾಳುವುದಿಲ್ಲ. ಕಡ್ಡಿಗಳ ತುದಿಯನ್ನು ಮುಚ್ಚುವ ರಿಮ್ ಟೇಪು ಹರಿದಿದೆಯೇ ಎಂದೂ ನೋಡಬೇಕು.

ಹೊಸ ಟೈರಿನ ಮೈಮೇಲೆ ಅದರ ಜಾತಕವೇ ಬರೆದಿರುತ್ತದೆ. 3.25–16 ಎಂದಿದ್ದರೆ ಅಗಲ ಮೂರೂಕಾಲು ಅಂಗುಲ, ರಿಮ್ಮಿನ ಅಡ್ಡಳತೆ ಹದಿನಾರು ಅಂಗುಲ. ನಾಲ್ಕು ಅಂಕಿಯ ಇನ್ನೊಂದು ಗುರುತು ತಯಾರಾದ ಕಾಲವನ್ನು ಹೇಳುತ್ತದೆ: 2319 ಎಂದರೆ 2019ರ 23ನೇ ವಾರ. ತಿರುಗಬೇಕಾದ ದಿಕ್ಕಿಗೆ ಬಾಣದ ಗುರುತಿದ್ದರೆ ಅದನ್ನು ಪಾಲಿಸಬೇಕು. ಅಂಚಿಗೆ ಸೋಪಿನ ನೀರು ಸವರಿ, ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ, ವಾಲ್ವಿನ ಎದುರು ಬದಿಯಿಂದ ತೊಡಿಸುತ್ತ ಬಂದು ವಾಲ್ವಿನ ಬಳಿ ಮುಗಿಸಬೇಕು. ಕೊನೆಯ ಅರ್ಧ ಅಡಿಯೇ ಪರೀಕ್ಷೆಯ ಘಟ್ಟ. ಮೊದಲ ಸಲದವರ ಹೊಸ ಟ್ಯೂಬು ಹರಿಯುವುದು ಇಲ್ಲಿಯೇ.

ಗಾಳಿ ತುಂಬಿದ ಮೇಲೆ ಟೈರಿನ ಪಕ್ಕೆಯಲ್ಲಿ ರಿಮ್ಮಿಗೆ ಹತ್ತಿರ ಒಂದು ಉಬ್ಬುಗೆರೆ ಕಾಣುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಸಮದೂರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ; ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು ಮತ್ತೆ ಕೂರಿಸಬೇಕು. ಚಕ್ರ ಜೋಡಿಸುವಾಗ ಚೈನಿನ ಸಡಿಲ, ಎರಡೂ ಬದಿಯ ಗುರುತುಗಳ ಹೊಂದಿಕೆ, ಅಚ್ಚಿನ ನಟ್ಟು ಮತ್ತು ಪಿನ್ನು, ಬ್ರೇಕ್ ಪಟ್ಟಿಯ ಬೋಲ್ಟು, ಇವಿಷ್ಟನ್ನೂ ಎರಡು ಸಲ ನೋಡಬೇಕು. ಗೇಟು ದಾಟುವ ಮೊದಲು ಅಂಗಳದಲ್ಲೇ ಬ್ರೇಕು ಹಿಡಿದು ನೋಡಬೇಕು. ಕಾರಿನ ಟೈರು ಕೈಕೊಟ್ಟರೆ ಇನ್ನು ಮೂರು ಚಕ್ರಗಳಿರುತ್ತವೆ. ಬೈಕಿನಲ್ಲಿ ಉಳಿಯುವುದು ಒಂದೇ. ಈ ಕೆಲಸದಲ್ಲಿ ಅನುಮಾನ ಉಳಿದರೆ ಮೆಕ್ಯಾನಿಕ್ಕಿಗೆ ತೋರಿಸುವುದರಲ್ಲಿ ನಾಚಿಕೆಯೇನಿಲ್ಲ.

ವಿದ್ಯೆಗೆ ಕೊಟ್ಟ ಬೆಲೆ

ಇಷ್ಟೆಲ್ಲ ಮಾಡಿದವರಿಗೆ ಒಂದು ವಿಷಯ ಅರಿವಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ನಾವು ಚೌಕಾಶಿ ಮಾಡುವ ಹಣ ಎಷ್ಟು ಸಣ್ಣದು, ಅದಕ್ಕೆ ಪ್ರತಿಯಾಗಿ ಸಿಗುವ ಕೌಶಲ ಎಷ್ಟು ದೊಡ್ಡದು ಎಂಬುದು. ಕೇರಳದಿಂದ, ತಮಿಳುನಾಡಿನಿಂದ, ನಮ್ಮದೇ ಜಿಲ್ಲೆಗಳಿಂದ ಬಂದು ಮರದ ಕೆಳಗೆ ಪಂಪಿಟ್ಟುಕೊಂಡು ಕೂತವರು ಈ ನಗರವನ್ನು ಉರುಳಿಸಿದ್ದಾರೆ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ; ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ದ್ವಿಚಕ್ರಗಳೇ. ಆದರೂ ಟೈರು ಬಿಚ್ಚುವ ವಿದ್ಯೆಯನ್ನು ನಾವು ವಿದ್ಯೆಯೆಂದು ಲೆಕ್ಕಕ್ಕೆ ಹಿಡಿದದ್ದು ಕಡಿಮೆ.

ಹಳೆಯದನ್ನು ನೆನೆದು ಮರುಗುವಾಗಲೂ ಒಂದು ಎಚ್ಚರ ಬೇಕು. ಸೈಕಲ್ ಶಾಪಿನ ಆ ಚುರುಕು ಹುಡುಗ ಶಾಲೆಯಲ್ಲಿರಬೇಕಾಗಿತ್ತು. ಅವನ ಬೆರಳಿನ ಚಳಕವನ್ನು ಮೆಚ್ಚಿದ ನಮಗೆ ಆಗ ಅದು ಹೊಳೆಯಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ, ಅದಕ್ಕೆ 2016ರಲ್ಲಿ ಬಂದ ತಿದ್ದುಪಡಿಗಳ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಕೈಕೆಲಸ ಉಳಿಯಬೇಕಾದರೆ ಅದನ್ನು ಕಲಿಯುವ ಬೇರೆ ದಾರಿಗಳನ್ನು ಹುಡುಕಬೇಕು. ಮನೆಯಂಗಳದಲ್ಲಿ ಅಪ್ಪ, ಚಿಕ್ಕಪ್ಪ, ಅಕ್ಕ ಲಿವರು ಹಿಡಿದಾಗ ಪಕ್ಕದಲ್ಲಿ ಕೂತು ನಟ್ಟು ಎಣಿಸುವ ಮಗು ಕಲಿಯುವುದು ಅಂಥದೊಂದು ದಾರಿ.

ಆ ಅಂಗಳಗಳೂ ಈಗ ಕಡಿಮೆಯಾಗುತ್ತಿವೆ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಜಾಗದಲ್ಲಿ ಫ್ಲ್ಯಾಟುಗಳು ಎದ್ದಿವೆ. ಬೈಕು ನೆಲಮಾಳಿಗೆಯ ಕಂಬಗಳ ನಡುವೆ ನಿಲ್ಲುತ್ತದೆ. ಟೈರೂ ಬದಲಾಗಿದೆ. ಅಮೆರಿಕದ ಗುಡ್ರಿಚ್ ಕಂಪನಿ 1947ರಲ್ಲಿ ಪ್ರಕಟಿಸಿದ ಟ್ಯೂಬ್‌ಲೆಸ್ ಟೈರು ನಮ್ಮ ಬೈಕುಗಳಿಗೂ ಬಂದಿದೆ. ಅದಕ್ಕೆ ಮೊಳೆ ಚುಚ್ಚಿದರೆ ಚಕ್ರ ಕಳಚದೆಯೇ ಜಿಗುಟು ರಬ್ಬರಿನ ಎಳೆಯೊಂದನ್ನು ತೂರಿಸಿ ತೂತು ಮುಚ್ಚಬಹುದು. ಅದು ಮೊದಲಿಗಿಂತ ಸುಲಭ, ಸುರಕ್ಷಿತವೂ ಹೌದು; ಗಾಳಿ ಒಮ್ಮೆಗೇ ಹೋಗುವುದಿಲ್ಲ. ಆದರೆ ಟೈರು ಸವೆದು ಬದಲಿಸುವಾಗ ಅದರ ಅಂಚು ರಿಮ್ಮಿಗೆ ಎಷ್ಟು ಬಿಗಿಯಾಗಿ ಕಚ್ಚಿರುತ್ತದೆಂದರೆ ಹಿಮ್ಮಡಿಯ ತುಳಿತಕ್ಕೆ ಬಿಡುವುದಿಲ್ಲ. ಅದಕ್ಕೆ ಯಂತ್ರವಿರುವ ಅಂಗಡಿಗೆ ಹೋಗಬೇಕು. ಬಂಡಿಯ ಪಟ್ಟಿಗೆ ಕಮ್ಮಾರನ ಕುಲುಮೆ ಹುಡುಕಿಕೊಂಡು ಹೋದಂತೆ ನಾವೀಗ ಮತ್ತೆ ಅಂಗಡಿಯ ದಾರಿ ಹಿಡಿದಿದ್ದೇವೆ.

ಅಲ್ಲಿಯೂ ಒಂದು ನಿಮಿಷ ನಿಂತು ನೋಡುವುದು ಒಳ್ಳೆಯದು. ಯಂತ್ರದ ಉಕ್ಕಿನ ಕೈ ಟೈರಿನ ಅಂಚನ್ನು ಎತ್ತುವ ಮೊದಲು ಕೆಲಸಗಾರ ಎದುರು ಬದಿಯನ್ನು ಕೈಯಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸುತ್ತಾನೆ. ಇಳಿಸದಿದ್ದರೆ ಯಂತ್ರ ಟೈರಿನ ಅಂಚನ್ನೇ ಹರಿದುಹಾಕುತ್ತದೆ. 1890ರಲ್ಲಿ ವೆಲ್ಚ್ ಮಾಡಿದ ತಗ್ಗಿಲ್ಲದೆ ಇಂದಿನ ಯಂತ್ರಕ್ಕೂ ಕೆಲಸ ಸಾಗುವುದಿಲ್ಲ.